ದಿನಾ ಹಾಕುವ ಬಟ್ಟೆ, ಸರಿಯಾದ ಅಳತೆಗೆ, ಕೈಗೆಟುಕುವ ಬೆಲೆಗೆ: ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಆಲ್ಟ್ರೇಶನ್ ಮಾಡುವವರ ಹತ್ತಿರ ಜನ ಬಟ್ಟೆಗಿಂತ ಜಾಸ್ತಿ ಪ್ರಶ್ನೆ ತರುತ್ತಾರೆ. ಬಾಗಿಲಲ್ಲಿ ನಿಂತು ಕೇಳುತ್ತಾರೆ, ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಕೇಳುತ್ತಾರೆ, ಮದುವೆಮನೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು ಅಂತ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಮದುವೆ ರೇಷ್ಮೆ, ಲೆಹೆಂಗಾ, ಡಿಸೈನರ್ ಬ್ಲೌಸ್ ಇಲ್ಲಿಲ್ಲ. ವಾರವೆಲ್ಲಾ ಮೈಮೇಲಿರುವ ಬಟ್ಟೆ ಮಾತ್ರ. ಬೆಲೆಗಳು ಅಂದಾಜಿನವು, ಊರಿಂದ ಊರಿಗೆ ಬೇರೆ ಇರುತ್ತವೆ.

## ಮೊದಲು ತಿಳಿಯಬೇಕಾದ್ದು

ಬೀರು ತುಂಬಾ ಬಟ್ಟೆ ಇದೆ ಅಕ್ಕಾ, ಹಾಕ್ಕೊಳ್ಳೋಕೆ ಮಾತ್ರ ಒಂದೂ ಇಲ್ಲ. ನಿಜವಾಗಿ ಏನೇನು ಬೇಕು ನನಗೆ?

ಬೀರು ನೋಡಬೇಡಿ, ಬಟ್ಟೆ ಒಣಹಾಕುವ ಹಗ್ಗ ನೋಡಿ. ಎರಡು ವಾರ ಅದರ ಮೇಲೆ ಯಾವುದು ಮತ್ತೆ ಮತ್ತೆ ಬಂತೋ ಅದೇ ನಿಮ್ಮ ನಿಜವಾದ ಬಟ್ಟೆ. ಉಳಿದದ್ದು ಯಾರದೋ ಗೃಹಪ್ರವೇಶಕ್ಕೆ ತಗೊಂಡದ್ದು, ಇಲ್ಲಾ ಆಫರ್‌ನಲ್ಲಿ ಸಿಕ್ಕಿತು ಅಂತ ತಂದದ್ದು.

ಆಫೀಸು, ಶಾಲೆ, ಬ್ಯಾಂಕು ಅಂತ ಓಡಾಡುವವರಿಗೆ ನಾನು ಹೇಳುವುದು ಇಷ್ಟು. ಕಾಟನ್ ಕುರ್ತಾ ಐದು, ಅದರಲ್ಲಿ ಎರಡಾದರೂ ಪ್ಲೇನ್. ಕಪ್ಪು, ಕ್ರೀಮ್, ಕಡುನೀಲಿ ಪ್ಯಾಂಟ್ ಅಥವಾ ಲೆಗ್ಗಿಂಗ್ಸ್ ಒಂದೊಂದು. ಸರಿಯಾಗಿ ಕೂರುವ ಜೀನ್ಸ್ ಒಂದು. ಸೀರೆ ಉಡುವವರಾದರೆ ಕಪ್ಪು, ಮರೂನ್, ಕ್ರೀಮ್ ಬ್ಲೌಸ್ ಮೂರು. ಈ ಮೂರಿದ್ದರೆ ಮುಕ್ಕಾಲು ಪಾಲು ಕಾಟನ್ ಸೀರೆಗೆ ಸಾಕು. ಒಳ್ಳೆ ಬ್ರಾ ಕನಿಷ್ಠ ಮೂರು. ಒಂದು ತೆಳು ಸ್ವೆಟರ್. ದುಡ್ಡು ಮೊದಲು ಹೋಗಬೇಕಾದ್ದು ಬ್ರಾಗೆ ಮತ್ತು ಮೇಲೆ ಹೇಳಿದ ಪ್ಯಾಂಟ್‌ಗೆ, ಕುರ್ತಾಗಲ್ಲ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಒಂದು ಅಂಗಡೀಲಿ ಎಂ ಆಗುತ್ತೆ, ಪಕ್ಕದ ಅಂಗಡೀಲಿ ಎಕ್ಸ್‌ಎಲ್ ಕೊಡ್ತಾರೆ. ನನ್ನ ಸೈಜ್ ಯಾವುದು ಹಾಗಾದ್ರೆ?

ತಪ್ಪು ನಿಮ್ಮ ಮೈಯದ್ದಲ್ಲ. ನಮ್ಮ ದೇಶದಲ್ಲಿ ರೆಡಿಮೇಡ್‌ಗೆ ಎಲ್ಲರೂ ಪಾಲಿಸುವ ಒಂದೇ ಸೈಜ್ ಪಟ್ಟಿ ಇಲ್ಲ. ಒಬ್ಬರು ವಿದೇಶಿ ಪಟ್ಟಿ ಇಟ್ಟುಕೊಂಡು ಕತ್ತರಿಸುತ್ತಾರೆ, ಇನ್ನೊಬ್ಬರು ತಮ್ಮದೇ ಲೆಕ್ಕ ಮಾಡಿಕೊಂಡಿರುತ್ತಾರೆ. ಭಾರತೀಯರ ಮೈಕಟ್ಟಿಗೆ ತಕ್ಕ ಪಟ್ಟಿ ಬೇಕು ಅಂತಲೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಕೇಂದ್ರದ ಜವಳಿ ಸಚಿವಾಲಯದ ಜೊತೆ ‘ಇಂಡಿಯಾಸೈಜ್’ ಅಂತ ಯೋಜನೆ ಕೈಗೆತ್ತಿಕೊಂಡಿತು. 6 ನಗರಗಳಲ್ಲಿ 25,000 ಜನರನ್ನು ಸ್ಕ್ಯಾನರ್‌ನಲ್ಲಿ ನಿಲ್ಲಿಸಿ ಅಳತೆ ತೆಗೆಯುವ ಯೋಜನೆ ಅದು.

ಆದ್ದರಿಂದ ಎಂ, ಎಲ್ ಮರೆತುಬಿಡಿ. ಇಂಚಿನಲ್ಲಿ ಎದೆ, ಸೊಂಟ, ಹಿಪ್ ಮೂರು ಅಂಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಲೇಬಲ್ ಮೇಲಿನ ಅಕ್ಷರ ಆ ಕಂಪನಿಯ ತಲೆನೋವು.

ಮನೇಲಿ ನಾನೊಬ್ಬಳೇ ಇರೋದು. ಟೇಪ್ ಹಿಡಿದು ಅಳತೆ ತಗೊಳ್ಳೋದು ಹೇಗೆ?

ಮೈಗಿಂತ ಬಟ್ಟೆ ಅಳೆಯುವುದು ಸುಲಭ. ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಾ ತಗೊಳ್ಳಿ, ಇಸ್ತ್ರಿ ಮಾಡಿ ಮಂಚದ ಮೇಲೆ ಹರಡಿ. ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಟೇಪ್ ಹಿಡಿಯಿರಿ, ಬಂದದ್ದನ್ನು ಎರಡರಿಂದ ಗುಣಿಸಿ. 19 ಇಂಚು ಬಂದರೆ ಆ ಕುರ್ತಾದ ಎದೆ 38. ಹಾಗೇ ಸೊಂಟದ ಹತ್ತಿರ, ಸೈಡ್ ಓಪನ್ ಶುರುವಾಗುವ ಕಡೆ, ತೋಳಿನ ಅಗಲ, ಭುಜದ ಹೊಲಿಗೆಯಿಂದ ಹೊಲಿಗೆಗೆ, ಪೂರ್ತಿ ಉದ್ದ. ಅಷ್ಟೇ.

ಮೈಯ ಅಳತೆಯೂ ಬೇಕು ಅಂದರೆ ಒಂದು ಮಾತು ನೆನಪಿಡಿ. ಎಳೆದರೆ ಹಿಗ್ಗದ ನೇಯ್ದ ಬಟ್ಟೆಗೆ ಮೈಗಿಂತ ಎದೆ ಹತ್ತಿರ 3 ಇಂಚಾದರೂ ಜಾಸ್ತಿ ಇರಬೇಕು, ಹಿಪ್ ಹತ್ತಿರ 3ರಿಂದ 4. ಮೈ 36 ಇದ್ದು 36ರ ಕುರ್ತಾ ತಗೊಂಡರೆ ಉಸಿರು ಬಿಡುವುದಕ್ಕೂ ಜಾಗವಿರುವುದಿಲ್ಲ. ಟೀ ಶರ್ಟ್, ಲೆಗ್ಗಿಂಗ್ಸ್ ತರಹದ ಹೆಣಿಗೆ ಬಟ್ಟೆಗೆ ಈ ಲೆಕ್ಕ ಬೇಡ.

ಟ್ರಯಲ್ ರೂಮಲ್ಲಿ ಚೆನ್ನಾಗೇ ಕಾಣುತ್ತೆ, ಮನೆಗೆ ಬಂದ್ಮೇಲೆ ಯಾಕೋ ಸರಿ ಇರಲ್ಲ. ಅಲ್ಲೇ ಏನು ನೋಡಬೇಕು?

ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದು ನೆಟ್ಟಗೆ ನಿಲ್ಲುತ್ತೀರಿ, ಅದಕ್ಕೆ. ದಿನವಿಡೀ ಹಾಗೆ ನಿಲ್ಲುವುದಿಲ್ಲವಲ್ಲ.

ಮೊದಲು ಭುಜ ನೋಡಿ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಯಲ್ಲಿ ಬೀಳಬೇಕು. ಅದು ತೋಳಿನ ಮೇಲೆ ಜಾರಿದ್ದರೆ ಆ ಬಟ್ಟೆ ಅಲ್ಲೇ ಬಿಡಿ. ಭುಜ ಸರಿ ಮಾಡಬೇಕಾದರೆ ತೋಳು ಪೂರ್ತಿ ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸಬೇಕು. ಅಗ್ಗದ ಕುರ್ತಾಗೆ ಆ ಕೆಲಸ ಮಾಡಿಸಿದರೆ ಅಗ್ಗ ಎಲ್ಲಿಂದ ಬಂತು? ಆಮೇಲೆ ಬಸ್ಸಿನಲ್ಲಿ ಕಂಬಿ ಹಿಡಿಯುವ ಹಾಗೆ ಎರಡೂ ಕೈ ಎತ್ತಿ. ಕಂಕುಳು ಎಳೆಯಬಾರದು. ಕೂತು ನೋಡಿ. ಬೆನ್ನು ನೋಡುವುದಕ್ಕೆ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಎದೆಯಿಂದ ಕಂಕುಳಿಗೆ ಅಡ್ಡ ಗೆರೆ ಬಿದ್ದರೆ ಬಟ್ಟೆ ಬಿಗಿ. ಬೆನ್ನ ಮೇಲೆ ಬಟ್ಟೆ ಮಡಿಕೆ ಮಡಿಕೆಯಾಗಿ ಕೂತರೆ ಹಿಪ್ ಹತ್ತಿರ ಹಿಡಿದು ಮೇಲೇರಿದೆ ಅಂತ.

ಯಾವ ಬ್ರಾ ಹಾಕಿಕೊಂಡು ಹೋಗಿದ್ದೀರಿ ಅನ್ನುವುದೂ ಮುಖ್ಯ. ಹಳೇ ಸಡಿಲ ಬ್ರಾ ಮೇಲೆ ಟ್ರಯಲ್ ನೋಡಿದ ಕುರ್ತಾ, ಹೊಸ ಬ್ರಾ ಮೇಲೆ ಬೇರೆಯೇ ಕೂರುತ್ತದೆ.

## ಒಂದೊಂದಾಗಿ

ಎದೆಗೆ ಸರಿ ಹೋದ್ರೆ ಹಿಪ್ ಹತ್ರ ಟೈಟು, ಹಿಪ್‌ಗೆ ಸರಿ ಹೋದ್ರೆ ಮೇಲೆ ದೊಗಲೆ. ಕುರ್ತಾ ಹೇಗೆ ತಗೊಳ್ಳಲಿ?

ನಿಮ್ಮ ಮೈಯಲ್ಲಿ ಅಗಲ ಎಲ್ಲಿ ಜಾಸ್ತಿಯೋ ಅಲ್ಲಿಗೆ ಸರಿ ಹೋಗುವುದನ್ನು ಕೊಳ್ಳಿ. ಮಿಕ್ಕಿದ್ದನ್ನು ಟೈಲರ್ ಒಳಗೆ ಹಿಡಿಯುತ್ತಾರೆ. ಈ ಪುಟದಲ್ಲಿ ಒಂದೇ ಮಾತು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ. ಕಾರಣ ಸರಳ. ರೆಡಿಮೇಡ್ ಕುರ್ತಾವನ್ನು ಉಲ್ಟಾ ಮಾಡಿ ಒಳಗೆ ನೋಡಿ, ಹೊಲಿಗೆಯಿಂದಾಚೆ ಅರ್ಧ ಇಂಚು ಬಟ್ಟೆ ಇದ್ದರೆ ಹೆಚ್ಚು. ಫ್ಯಾಕ್ಟರಿಯಲ್ಲಿ ಬಟ್ಟೆ ಉಳಿಸಿದಷ್ಟೂ ಲಾಭ, ಬಿಚ್ಚಿ ದೊಡ್ಡದು ಮಾಡುವುದಕ್ಕೆ ಯಾರೂ ಜಾಗ ಬಿಟ್ಟಿರುವುದಿಲ್ಲ. ದೊಡ್ಡದನ್ನು ಚಿಕ್ಕದು ಮಾಡುವುದಕ್ಕೆ ಮಾತ್ರ ಎರಡು ಗೆರೆ ಹೊಲಿಗೆ ಸಾಕು. ಸೈಡ್ ಹಿಡಿಯುವುದಕ್ಕೆ ಐವತ್ತರಿಂದ ನೂರು ರೂಪಾಯಿ ಆಗಬಹುದು.

ಹಿಪ್ ಹತ್ತಿರ ಸ್ವಲ್ಪವೇ ಹಿಡಿಯುತ್ತಿದೆ ಅಂದರೆ ಇನ್ನೊಂದು ಉಪಾಯ ಇದೆ. ಸೈಡ್ ಓಪನ್ ಅನ್ನು ಒಂದೂವರೆ ಇಂಚು ಮೇಲಕ್ಕೆ ಬಿಚ್ಚಿಸಿ. ಬಟ್ಟೆ ಅಗಲವಾಗಲಿಲ್ಲ, ಆದರೆ ಹಿಡಿಯುತ್ತಿದ್ದ ಜಾಗ ತೆರೆದುಕೊಂಡಿತು. ಓಪನ್ ಮೇಲ್ತುದಿಯಲ್ಲಿ ಅಡ್ಡ ಒಂದು ಗಟ್ಟಿ ಹೊಲಿಗೆ ಹಾಕಿಸುವುದು ಮರೀಬೇಡಿ, ಇಲ್ಲದಿದ್ದರೆ ಸ್ಕೂಟರ್ ಹತ್ತುವಾಗ ಅಲ್ಲಿಂದಲೇ ಹರಿಯುತ್ತದೆ.

ಲೆಗ್ಗಿಂಗ್ಸ್ ಬೆಳಕಿಗೆ ಹಿಡಿದ್ರೆ ಒಳಗೆಲ್ಲಾ ಕಾಣುತ್ತೆ. ಒಳ್ಳೇದು ಗುರುತಿಸೋದು ಹೇಗೆ?

ಅಂಗಡಿಯಲ್ಲೇ ಒಳಗೆ ಕೈ ಹಾಕಿ ಮುಷ್ಟಿ ಮಾಡಿ, ತೊಡೆಯ ಜಾಗದಲ್ಲಿ ಬಟ್ಟೆ ಎಳೆಯಿರಿ. ಬೆರಳಿನ ಗೆಣ್ಣು ಎಣಿಸಲು ಬಂದರೆ ವಾಪಸ್ ಇಡಿ. ಕೈ ಬಿಟ್ಟ ಮೇಲೆ ಬಟ್ಟೆ ತಟ್ಟನೆ ಮೊದಲಿನ ಹಾಗಾಗಬೇಕು. ಆಗದಿದ್ದರೆ ಮೊಣಕಾಲಿನಲ್ಲಿ ಉಬ್ಬಿ ನಿಲ್ಲುವುದು ಅದೇ. ಲೇಬಲ್‌ನಲ್ಲಿ ಕಾಟನ್ 95, ಸ್ಪಾಂಡೆಕ್ಸ್ (ಹಿಗ್ಗುವ ಎಳೆ) 5 ಅಂತ ಇದ್ದರೆ ದಿನಬಳಕೆಗೆ ಸರಿ. ಎರಡೂ ಕಾಲು ಸೇರುವ ಕಡೆ ವಜ್ರದಾಕಾರದ ಪುಟ್ಟ ತುಂಡು ಸೇರಿಸಿ ಹೊಲಿದಿದ್ದರೆ ಬೇಗ ಬಿಚ್ಚಿಕೊಳ್ಳುವುದಿಲ್ಲ.

ನಮ್ಮ ಅಂಗಡಿಗಳಿಗೆ ಲೆಗ್ಗಿಂಗ್ಸ್ ಹೆಚ್ಚಾಗಿ ಬರುವುದು ತಮಿಳುನಾಡಿನ ತಿರುಪ್ಪೂರಿನ ಕಡೆಯಿಂದ. ಹೆಸರಿಲ್ಲದ ಪೀಸ್‌ಗಳಲ್ಲೂ ಒಳ್ಳೆಯದು ಸಿಗುತ್ತದೆ, ಮುಷ್ಟಿ ಪರೀಕ್ಷೆ ಪಾಸಾಗಬೇಕು ಅಷ್ಟೇ. ಕ್ರೀಮ್, ಬಿಳಿ ಬಣ್ಣದ್ದರ ಒಳಗೆ ಬಿಳಿ ಒಳಉಡುಪು ಹಾಕಬೇಡಿ, ಎದ್ದು ಕಾಣುತ್ತದೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ ಕಂದು ಹಾಕಿ.

ಜೀನ್ಸ್ ತೊಡೆಗೆ ಸರಿ ಇದ್ರೆ ಹಿಂದೆ ಸೊಂಟದ ಹತ್ರ ಕೈ ತೂರುವಷ್ಟು ಗ್ಯಾಪ್. ಬೆಲ್ಟ್ ಹಾಕಿದ್ರೆ ಮುದ್ದೆಮುದ್ದೆ.

ಇಲ್ಲೂ ತೊಡೆ, ಹಿಪ್ ಅಳತೆಗೇ ಕೊಳ್ಳಿ. ಹಿಂದೆ ನಡುವಿನ ಹೊಲಿಗೆ ಬಿಚ್ಚಿ, ಪಟ್ಟಿಯನ್ನೂ ಸೇರಿಸಿ ಸೊಂಟ ಹಿಡಿಸಬಹುದು. ಒಂದೂವರೆ ಇಂಚಿನವರೆಗೆ ಚೆನ್ನಾಗಿ ಬರುತ್ತದೆ. ಅದಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನ ಎರಡು ಜೇಬು ಹತ್ತಿರ ಬಂದು ವಿಚಿತ್ರವಾಗಿ ಕಾಣುತ್ತದೆ. ಸ್ಟ್ರೆಚ್ ಜೀನ್ಸ್ ಹಾಕಿದಂತೆ ಸಡಿಲವಾಗುತ್ತದೆ, ಆದ್ದರಿಂದ ಕೊಳ್ಳುವಾಗ ಸ್ವಲ್ಪ ಬಿಗಿ ಇರಲಿ. ಉದ್ದ ಕತ್ತರಿಸುವುದು ಮಾತ್ರ ಒಂದು ಸಲ ಒಗೆದ ಮೇಲೆ. ಕೆಳಗಿನ ಮೂಲ ಅಂಚನ್ನೇ ಉಳಿಸಿ ಕೂರಿಸಿಕೊಡಿ ಅಂತ ಕೇಳಿ, ಹಳೆಯ ಟೈಲರ್‌ಗಳಿಗೆ ಆ ಕೆಲಸ ಗೊತ್ತಿರುತ್ತದೆ.

ಕೇಳೋಕೆ ಮುಜುಗರ. ಬ್ರಾ ಸ್ಟ್ರಾಪ್ ಜಾರುತ್ತೆ, ಸಂಜೆ ಹೊತ್ತಿಗೆ ಭುಜ ನೋವು. ಸೈಜ್ ತಪ್ಪಾಗಿದೆಯಾ?

ಬಹುತೇಕ ಹೌದು. ಮುಜುಗರದಿಂದಲೇ ತಪ್ಪು ಸೈಜ್ ಮುಂದುವರಿಯುವುದು. ಕಾಲೇಜಿನಲ್ಲಿ ಅಮ್ಮ ಹೇಳಿದ ಸೈಜನ್ನೇ ಎರಡು ಹೆರಿಗೆ ಆದ ಮೇಲೂ ಕೇಳಿ ತಗೊಳ್ಳುವವರು ಎಷ್ಟೋ ಜನ.

ಭಾರ ಹೊರಬೇಕಾದ್ದು ಸ್ಟ್ರಾಪ್ ಅಲ್ಲ, ಕೆಳಗಿನ ಪಟ್ಟಿ. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಟೇಪನ್ನು ಬಿಗಿಯಾಗಿ ಹಿಡಿಯಿರಿ. ಅದು ಪಟ್ಟಿಯ ಸೈಜ್. 33 ಅಂತ ಬೆಸ ಸಂಖ್ಯೆ ಬಂದರೆ 34. ಆಮೇಲೆ ಎದೆಯ ತುಂಬು ಭಾಗದ ಸುತ್ತಳತೆ, ಸಡಿಲವಾಗಿ. ಎರಡರ ನಡುವಿನ ವ್ಯತ್ಯಾಸ 1 ಇಂಚಾದರೆ ಎ ಕಪ್, 2 ಬಿ, 3 ಸಿ, 4 ಡಿ. ಹಳೆಯ ಪದ್ಧತಿಯಲ್ಲಿ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಸೇರಿಸುತ್ತಿದ್ದರು, ಕೆಲವು ಸೈಜ್ ಚಾರ್ಟ್‌ಗಳಲ್ಲಿ ಈಗಲೂ ಹಾಗೇ ಇದೆ. ಅದರಿಂದಲೇ ಪಟ್ಟಿ ದೊಡ್ಡದು, ಕಪ್ ಚಿಕ್ಕದು ಅನ್ನುವ ಗೋಳು. ಪಟ್ಟಿ ದೊಡ್ಡದಾದರೆ ಬೆನ್ನಲ್ಲಿ ಮೇಲೇರುತ್ತದೆ, ಮುಂದೆ ಜಗ್ಗುತ್ತದೆ, ಅದನ್ನು ಎತ್ತಲು ಸ್ಟ್ರಾಪ್ ಬಿಗಿ ಮಾಡುತ್ತೀರಿ, ಭುಜದಲ್ಲಿ ಬರೆ ಬೀಳುತ್ತದೆ.

ಹೊಸ ಬ್ರಾ ಹಾಕಿ ನೋಡುವಾಗ ಅತಿ ಸಡಿಲದ ಹುಕ್ಕಿಗೆ ಹಾಕಿ ನೋಡಿ. ಅಲ್ಲೇ ಬಿಗಿಯಾಗಿ ಕೂರಬೇಕು, ಎರಡು ಬೆರಳು ಹೋಗುವಷ್ಟು ಜಾಗ ಇದ್ದರೆ ಸಾಕು. ಎಲಾಸ್ಟಿಕ್ ಸಡಿಲವಾಗುತ್ತಾ ಹೋದಂತೆ ಒಳಗಿನ ಹುಕ್ಕುಗಳಿಗೆ ಬರುವುದು. ಕಪ್ ಅಂಚಿನಲ್ಲಿ ಮೈ ಉಕ್ಕಿದರೆ ಕಪ್ ಚಿಕ್ಕದು, ಮೇಲೆ ಸುಕ್ಕು ಬಿದ್ದರೆ ದೊಡ್ಡದು. ಬೇಕಾದ ಸೈಜ್ ಇಲ್ಲ ಅಂದರೆ ಒಂದು ದಾರಿ ಇದೆ. 34ಬಿ, 32ಸಿ, 36ಎ ಮೂರಕ್ಕೂ ಕಪ್ಪಿನ ಗಾತ್ರ ಹೆಚ್ಚುಕಡಿಮೆ ಒಂದೇ, ಪಟ್ಟಿ ಮಾತ್ರ ಬೇರೆ. ಪಟ್ಟಿ ಒಂದು ಸೈಜ್ ಇಳಿದರೆ ಕಪ್ ಒಂದು ಅಕ್ಷರ ಮೇಲೆ.

ದಿನಾ ಹಾಕುವುದಕ್ಕೆ ಪ್ಯಾಡ್ ಇಲ್ಲದ ಕಾಟನ್ ಬ್ರಾ ಮುನ್ನೂರರಿಂದ ಆರುನೂರಕ್ಕೆ ಸಿಗುತ್ತದೆ. ಮೂರು ಇಟ್ಟುಕೊಂಡು ಸರದಿಯಲ್ಲಿ ಹಾಕಿ, ಒಂದನ್ನೇ ದಿನಾ ಹಾಕಿದರೆ ಎಲಾಸ್ಟಿಕ್ ಬೇಗ ಸಾಯುತ್ತದೆ. ಅಂಗಡಿಯಲ್ಲಿ ಗಂಡಸರಿದ್ದರೆ ಮಾತಾಡಲು ಕಷ್ಟ ಅನ್ನುವವರು ಸೈಜನ್ನು ಚೀಟಿಯಲ್ಲಿ ಬರೆದು ಕೊಡಿ. ಸುಮ್ನೆ ಅವರು ಕೊಟ್ಟದ್ದನ್ನು ತಗೊಂಡು ಬರಬೇಡಿ.

ಅಳತೆ ಬ್ಲೌಸ್ ಕೊಟ್ರೂ ಟೈಲರ್ ಕೆಡಿಸ್ತಾರೆ. ಯಾಕೆ ಹೀಗಾಗುತ್ತೆ?

ಅಳತೆ ಬ್ಲೌಸ್ ಹಳೆಯದು. ನಾಲ್ಕು ವರ್ಷ ಹಾಕಿ ಹಾಕಿ ನಿಮ್ಮ ಮೈಗೆ ಒಗ್ಗಿ, ಹಿಗ್ಗಿ, ಅಲ್ಲಲ್ಲಿ ಬಿಚ್ಚಿಸಿದ್ದು. ಅದರ ಅಳತೆಯಲ್ಲಿ ಹೊಸ ಬಟ್ಟೆ ಕತ್ತರಿಸಿದರೆ ಸರಿಯಾಗಿ ಕೂರುವುದು ಹೇಗೆ? ರುಬಿಯಾ ಕಾಟನ್ ಬ್ಲೌಸ್ ಅಳತೆ ಕೊಟ್ಟು, ಲೈನಿಂಗ್ ಹಾಕಿ ಸಿಲ್ಕ್ ಬ್ಲೌಸ್ ಹೊಲಿ ಅಂದರೂ ವ್ಯತ್ಯಾಸ ಬಂದೇ ಬರುತ್ತದೆ.

ಅಳತೆ ಬ್ಲೌಸಿನಲ್ಲಿ ಏನು ಸರಿ ಇಲ್ಲವೋ ಅಲ್ಲಿ ಪಿನ್ನು ಚುಚ್ಚಿ ಕೊಡಿ. ಬಾಯಲ್ಲಿ ಹೇಳಿದ್ದು ಸಂಜೆಯೊಳಗೆ ಮರೆತುಹೋಗುತ್ತದೆ, ಪಿನ್ನು ಕತ್ತರಿಸುವ ಹೊತ್ತಿನಲ್ಲಿ ಕೈಗೇ ಸಿಗುತ್ತದೆ. ಮೈಮೇಲೂ ಒಂದು ಅಳತೆ ತೆಗೆಸಿ: ಭುಜದಿಂದ ಎದೆಯ ತುದಿಯವರೆಗಿನ ಉದ್ದ. ಟಕ್ಸ್ (ಎದೆಯ ಶೇಪ್‌ಗೆ ಒಳಗೆ ಹಿಡಿದು ಹೊಲಿಯುವ ಮಡಿಕೆ) ಎಲ್ಲಿ ಮುಗಿಯಬೇಕು ಅನ್ನುವುದು ಇದರ ಮೇಲೇ ನಿಂತಿದೆ. ಇದು ತಪ್ಪಿದರೆ ಉಳಿದದ್ದೆಲ್ಲಾ ಸರಿಯಿದ್ದರೂ ಬ್ಲೌಸ್ ಕೂರುವುದಿಲ್ಲ. ಆ ಹೊತ್ತಿಗೆ ಸೀರೆಯ ಒಳಗೆ ಯಾವ ಬ್ರಾ ಹಾಕುತ್ತೀರೋ ಅದನ್ನೇ ಹಾಕಿರಬೇಕು.

ಲೈನಿಂಗ್ ಬಟ್ಟೆ ನೀವೇ ತಂದು, ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ ಕೊಡಿ. ನೆನೆಹಾಕದ ಲೈನಿಂಗ್ ಮೊದಲ ಒಗೆತಕ್ಕೆ ಕುಗ್ಗಿ ಮೇಲಿನ ಬಟ್ಟೆಯನ್ನು ಸುಕ್ಕು ಮಾಡುತ್ತದೆ. ಎರಡೂ ಸೈಡಿಗೆ ಒಂದೂವರೆ ಇಂಚು, ತೋಳಿಗೆ ಒಂದು ಇಂಚು ಬಟ್ಟೆ ಒಳಗೆ ಬಿಡಿ ಅಂತ ಬಾಯಿಬಿಟ್ಟು ಹೇಳಿ. ಒಳಗೆ ಪಕ್ಕಪಕ್ಕ ಎರಡು ಮೂರು ಗೆರೆ ಹೊಲಿಗೆ ಹಾಕಿಸಿದರೆ ಮುಂದೆ ಮೈ ತುಂಬಿಕೊಂಡಾಗ ಮನೆಯಲ್ಲೇ ಒಂದು ಗೆರೆ ಬಿಚ್ಚಿಕೊಳ್ಳಬಹುದು.

ಹೊಸ ಟೈಲರ್ ಅಂದರೆ ಮೊದಲು ಕಪ್ಪು ಪ್ಲೇನ್ ಬ್ಲೌಸ್ ಕೊಟ್ಟು ನೋಡಿ. ಅದು ಸರಿ ಬಂದ ಮೇಲೇ ರೇಷ್ಮೆ. ಸರಿ ಬಂದ ಆ ಬ್ಲೌಸನ್ನೇ ಇನ್ನುಮುಂದೆ ಅಳತೆಗೆ ಕೊಡಿ, ಹಳೆಯದನ್ನು ಅಟ್ಟಕ್ಕೆ ಹಾಕಿ.

ರೆಡಿಮೇಡ್ ಸ್ಟ್ರೆಚ್ ಬ್ಲೌಸ್ ತಗೊಂಡ್ರೆ ಸಾಕಲ್ವಾ?

ದಿನಬಳಕೆಗೆ ಸಾಕು. ಕಪ್ಪು, ಮರೂನ್ ಎರಡು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಸ್ವಲ್ಪ ಬೆವರು ಜಾಸ್ತಿ.

ಸೀರೆ ಒಳಗಿನ ಲಂಗ ಯಾವುದು ಒಳ್ಳೇದು?

ಕಾಟನ್ ಪಾಪ್ಲಿನ್, ಲಾಡಿ ಇರುವುದು, ಆರು ಅಥವಾ ಎಂಟು ಪಟ್ಟಿಯದ್ದು. ಬೀರು ಉದ್ದಗಲ ಮ್ಯಾಚಿಂಗ್ ಲಂಗ ಬೇಡ. ಕಡುಬಣ್ಣದ್ದೊಂದು, ತಿಳಿಬಣ್ಣದ್ದೊಂದು ಇದ್ದರೆ ನಡೆಯುತ್ತದೆ, ತೆಳು ಸೀರೆಗೆ ಮಾತ್ರ ಬಣ್ಣ ಹೊಂದಬೇಕು. ಮೀನಿನ ಆಕಾರದ ಬಿಗಿ ಲಂಗ ಚೆಂದ ಕಾಣುತ್ತದೆ ನಿಜ, ಆದರೆ ಅದು ಹಾಕಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿ ನೋಡಿ.

ಕುರ್ತಾಗೆ ಜೇಬು ಹಾಕಿಸಬಹುದಾ?

ಧಾರಾಳವಾಗಿ. ಸೈಡ್ ಓಪನ್‌ಗಿಂತ ಮೇಲೆ ಏಳು ಇಂಚಾದರೂ ಹೊಲಿಗೆ ಇರಬೇಕು, ಅಷ್ಟೇ ಷರತ್ತು. ಜೇಬಿನ ಬಟ್ಟೆ ಗಟ್ಟಿ ಕಾಟನ್ ಇರಲಿ. ತೆಳು ರೇಯಾನ್ ಕುರ್ತಾಗೆ ಬೇಡ, ಫೋನಿನ ಭಾರಕ್ಕೆ ಒಂದು ಪಕ್ಕ ಜೋಲುತ್ತದೆ.

## ಎಲ್ಲಿ, ಎಷ್ಟಕ್ಕೆ

ಬೆಂಗಳೂರಲ್ಲಿ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೆ? ಮಾಲ್‌ಗೆ ಹೋಗೋಕೆ ಭಯ ಆಗುತ್ತೆ.

ಚಿಕ್ಕಪೇಟೆ ಮೊದಲು. 2017ರಿಂದ ಹಸಿರು ಮಾರ್ಗದ ಮೆಟ್ರೋ ಅಲ್ಲೇ ನಿಲ್ಲುತ್ತದೆ, ಪಾರ್ಕಿಂಗ್ ಗೋಳಿಲ್ಲ. ತುಮಕೂರು, ರಾಮನಗರದ ಕಡೆಯಿಂದ ಬರುವವರಿಗೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡೂ ಇಲ್ಲ. ಒಳಗಲ್ಲಿಗಳಲ್ಲಿ ಹೋಲ್‌ಸೇಲ್ ಅಂಗಡಿಗಳು ಜಾಸ್ತಿ, ‘ಸಿಂಗಲ್ ಪೀಸ್ ಕೊಡ್ತೀರಾ’ ಅಂತ ಮೊದಲೇ ಕೇಳಿ ಒಳಗೆ ಹೋಗಿ. ಟ್ರಯಲ್ ರೂಮ್ ಸಿಗುವುದು ಅಪರೂಪ. ಅದಕ್ಕೇ ಚೀಲದಲ್ಲಿ ಟೇಪ್ ಇರಬೇಕು, ನಿಮ್ಮ ಒಳ್ಳೆ ಕುರ್ತಾದ ಅಳತೆ ಫೋನಿನಲ್ಲಿರಬೇಕು. ಕೌಂಟರ್ ಮೇಲೆ ಹರಡಿ ಅಳೆಯಿರಿ. ಅಂಗಡಿಯವರು ಗೊಣಗಿದರೆ ಗೊಣಗಲಿ, ದುಡ್ಡು ನಿಮ್ಮದು.

ಮಲ್ಲೇಶ್ವರ 8ನೇ ಅಡ್ಡರಸ್ತೆ, ಜಯನಗರ 4ನೇ ಬ್ಲಾಕ್, ಗಾಂಧಿಬಜಾರ್‌ಗಳಲ್ಲಿ ಲೆಗ್ಗಿಂಗ್ಸ್, ನೈಟಿ, ಕುರ್ತಾ ಚೌಕಾಸಿ ಮಾಡಿ ತಗೊಳ್ಳಬಹುದು. ಬ್ಲೌಸ್ ಪೀಸ್, ಲೈನಿಂಗ್, ಫಾಲ್, ಲಂಗಕ್ಕೆ ನಿಮ್ಮ ಬಡಾವಣೆಯ ಮ್ಯಾಚಿಂಗ್ ಸೆಂಟರ್ ಬಿಟ್ಟು ದೂರ ಹೋಗಬೇಡಿ, ಉಳಿತಾಯ ಏನೂ ಇಲ್ಲ. ಮೈಸೂರಿನವರಿಗೆ ದೇವರಾಜ ಅರಸು ರಸ್ತೆ, ಹುಬ್ಬಳ್ಳಿಯವರಿಗೆ ದುರ್ಗದಬೈಲು, ಬೆಳಗಾವಿಯವರಿಗೆ ಖಡೇಬಜಾರ್ ನಾನು ಹೇಳಿಕೊಡಬೇಕಾಗಿಲ್ಲ.

ಮಾಲ್ ಅಂದರೆ ಭಯ ಬೇಡ. ಝೂಡಿಯೋ, ಮ್ಯಾಕ್ಸ್, ಟ್ರೆಂಡ್ಸ್ ತರಹದ ಅಂಗಡಿಗಳಲ್ಲಿ ಬೆಲೆ ಬರೆದಿರುತ್ತದೆ, ಹಾಕಿ ನೋಡಿ ಏನೂ ಕೊಳ್ಳದೆ ಬಂದರೂ ಯಾರೂ ಕೇಳುವುದಿಲ್ಲ. ಟೀ ಶರ್ಟು, ಪ್ಯಾಂಟಿಗೆ ನಾನು ಅಲ್ಲಿಗೇ ಕಳಿಸುತ್ತೇನೆ.

ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂತ ಮಾರ್ತಾರಲ್ಲ, ನಂಬಬಹುದಾ?

ನಂಬಬೇಡಿ, ನೋಡಿ ತಗೊಳ್ಳಿ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ನಮ್ಮೂರ ಹೆಣ್ಣುಮಕ್ಕಳೇ ಹೊಲಿದ ಬಟ್ಟೆ ಹೊರದೇಶಕ್ಕೆ ಹೋಗುತ್ತದೆ, ಆರ್ಡರ್ ಮೀರಿ ಉಳಿದದ್ದು ಇಲ್ಲಿ ಬರುತ್ತದೆ. ಅದರ ಜೊತೆ ಚೆಕ್ಕಿಂಗ್‌ನಲ್ಲಿ ಫೇಲಾದದ್ದೂ ಬರುತ್ತದೆ, ಸುಮ್ನೆ ಆ ಹೆಸರಿಟ್ಟ ಲೋಕಲ್ ಮಾಲೂ ಬರುತ್ತದೆ. ಎರಡು ತೋಳು ಪಕ್ಕಪಕ್ಕ ಇಟ್ಟು ಉದ್ದ ನೋಡಿ. ಸೈಡ್ ಹೊಲಿಗೆ ಮುಂದಕ್ಕೆ ತಿರುಚಿಕೊಂಡಿದ್ದರೆ ಬಿಡಿ, ಒಗೆದಷ್ಟೂ ತಿರುಚುತ್ತದೆ. ಲೇಬಲ್ ಕತ್ತರಿಸಿದ್ದರೆ ಪರವಾಗಿಲ್ಲ. ಸೈಜ್ ನಂಬರ್ ಇದ್ದರೆ ಯಾವ ದೇಶದ್ದು ನೋಡಿ. ಅಮೆರಿಕದ 8 ಅಂದರೆ ಇಂಗ್ಲೆಂಡಿನ 12.

ಆಷಾಢ ಸೇಲ್‌ನಲ್ಲಿ ತಗೊಂಡ್ರೆ ಲಾಭಾನಾ, ಇಲ್ಲಾ ಹಳೇ ಮಾಲು ತಳ್ತಾರಾ?

ಎರಡೂ. ಆಷಾಢದಲ್ಲಿ ಮದುವೆ, ಮುಂಜಿ ಇಲ್ಲ, ವ್ಯಾಪಾರ ಬಿದ್ದಿರುತ್ತದೆ, ಶ್ರಾವಣಕ್ಕೆ ಹೊಸ ಸ್ಟಾಕ್ ಬರುವ ಮುಂಚೆ ಜಾಗ ಖಾಲಿ ಮಾಡಬೇಕಿರುತ್ತದೆ. ನಮಗೆ ಬೇಕಾದ್ದು ಕಪ್ಪು ಪ್ಯಾಂಟು, ಪ್ಲೇನ್ ಕುರ್ತಾ, ಬಿಳಿ ಬ್ರಾ. ಇವು ಹಳೇ ಮಾಲಾದರೆ ನಷ್ಟವೇನು? ಎಲಾಸ್ಟಿಕ್ ಇರುವುದನ್ನು ಮಾತ್ರ ಎಳೆದು ನೋಡಿ, ಕರಕರ ಅಂದರೆ ಬೇಡ. ಸೇಲ್‌ನಲ್ಲಿ ‘ಎಕ್ಸ್‌ಚೇಂಜ್ ಇಲ್ಲ’ ಅಂತ ಬಿಲ್ಲಿನಲ್ಲಿ ಬರೆದಿರುತ್ತಾರೆ, ಟ್ರಯಲ್ ನೋಡದೆ ತರಬೇಡಿ.

ಜೊತೆಗೆ ತೆರಿಗೆಯ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಬಟ್ಟೆಗೆ ಜಿಎಸ್‌ಟಿ 5%, ಅದಕ್ಕೆ ಮೇಲ್ಪಟ್ಟರೆ 18%. ಮೊದಲು ಈ ಗೆರೆ ₹1,000ಕ್ಕೆ ಇತ್ತು. ದಿನಬಳಕೆ ಬಟ್ಟೆ ₹2,500 ದಾಟುವ ಅಗತ್ಯವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಆನ್‌ಲೈನ್‌ನಲ್ಲಿ ತರಿಸಿದ್ದು ಮೂರರಲ್ಲಿ ಎರಡು ವಾಪಸ್ ಹೋಗುತ್ತೆ. ಏನು ಮಾಡ್ಲಿ?

ಸೈಜ್ ಪಟ್ಟಿಯಲ್ಲಿ ಕೊಟ್ಟ ಅಂಕಿ ಮೈಯದ್ದೋ ಬಟ್ಟೆಯದ್ದೋ ಮೊದಲು ನೋಡಿ. ‘ಟು ಫಿಟ್ ಬಸ್ಟ್ 38’ ಅಂದರೆ 38 ಇಂಚು ಮೈಗೆ ಆಗುವ ಬಟ್ಟೆ. ‘ಗಾರ್ಮೆಂಟ್ ಬಸ್ಟ್ 38’ ಅಂದರೆ ಬಟ್ಟೆಯೇ 38, ಅದು 35ರ ಮೈಯವರಿಗೆ. ಈ ಒಂದು ವಿಷಯ ಗೊತ್ತಾದರೆ ಅರ್ಧ ವಾಪಸಾತಿ ನಿಲ್ಲುತ್ತದೆ. ಮಾಡೆಲ್ ಫೋಟೋ ಬಿಡಿ, ಕೊಂಡವರು ಹಾಕಿದ ಫೋಟೋಗಳನ್ನೇ ನೋಡಿ. ಟ್ಯಾಗ್ ಕೀಳದೆ ಮನೆಯಲ್ಲಿ ಹತ್ತು ನಿಮಿಷ ಹಾಕಿಕೊಂಡು ನೆಲದ ಮೇಲೆ ಕೂತು, ಎದ್ದು ನೋಡಿ. ಒಳಉಡುಪು ಎಷ್ಟೋ ಕಡೆ ವಾಪಸ್ ತಗೊಳ್ಳುವುದಿಲ್ಲ, ಆದ್ದರಿಂದ ಅಂಗಡಿಯಲ್ಲಿ ನೋಡಿ ಸೈಜ್ ಗೊತ್ತಿರುವ ಬ್ರಾ ಮಾತ್ರ ತರಿಸಿ.

ಬಟ್ಟೆ ತಂದು ಹೊಲಿಸೋದು ಅಗ್ಗಾನಾ, ರೆಡಿಮೇಡ್ ಅಗ್ಗಾನಾ?

ನಾನು ಹೊಲಿದು ಹೊಟ್ಟೆ ಹೊರೆಯುವವಳು, ಆದರೂ ಹೇಳುತ್ತೇನೆ, ಕುರ್ತಾ ರೆಡಿಮೇಡ್ ತಗೊಳ್ಳಿ. 44 ಇಂಚು ಅಗಲದ ಕಾಟನ್ ಎರಡೂವರೆ ಮೀಟರ್ ಬೇಕು, ಮೀಟರಿಗೆ ₹150 ಅಂದರೂ ₹375, ಹೊಲಿಗೆ ಕನಿಷ್ಠ ₹300. ಅದೇ ದುಡ್ಡಿಗೆ ಅಥವಾ ಅದಕ್ಕೂ ಕಡಿಮೆಗೆ ರೆಡಿಮೇಡ್ ಕೊಂಡು, ಸೈಡ್ ಹಿಡಿಸಿ, ಉದ್ದ ಕಡಿಮೆ ಮಾಡಿಸಿಕೊಳ್ಳಬಹುದು. ಬಟ್ಟೆಯ ಅಗಲ 36 ಇಂಚಾದರೆ ಮೀಟರ್ ಇನ್ನೂ ಜಾಸ್ತಿ ಬೇಕು, ಕೊಳ್ಳುವಾಗ ಕೇಳಿ. ಹೊಲಿಸಲೇಬೇಕಾದ್ದು ಬ್ಲೌಸ್. ಮತ್ತೆ, ಅಂಗಡಿಯ ಸೈಜ್‌ಗಳಿಗೆ ಸಿಗದ ಮೈಕಟ್ಟಿನವರು ಕುರ್ತಾನೂ ಹೊಲಿಸಿಕೊಳ್ಳಿ, ಅವರಿಗೆ ಅದೇ ಅಗ್ಗ.

## ಸ್ವಲ್ಪ ಆಳದ ಪ್ರಶ್ನೆಗಳು

ನಂಗೆ 3ಎಕ್ಸ್‌ಎಲ್ ಬೇಕು. ಎದೆಗೆ ಆಗುತ್ತೆ, ತೋಳು ರಟ್ಟೆಗೆ ಹಿಡಿಯುತ್ತೆ, ಭುಜ ಮಾತ್ರ ಕೆಳಗೆ ಬೀಳುತ್ತೆ.

ಚಿಕ್ಕ ಸೈಜಿನ ಪ್ಯಾಟರ್ನನ್ನೇ ಎಲ್ಲಾ ಕಡೆ ಸಮನಾಗಿ ಹಿಗ್ಗಿಸಿದರೆ ಹೀಗಾಗುತ್ತದೆ. ಮೈ ತುಂಬಿಕೊಂಡಾಗ ಎದೆ, ರಟ್ಟೆ, ಹೊಟ್ಟೆ ತುಂಬುತ್ತವೆ, ಭುಜದ ಮೂಳೆ ಅಗಲವಾಗುವುದಿಲ್ಲ. ತೋಳಿಲ್ಲದ ಕುರ್ತಾ ತಗೊಳ್ಳಿ, ಅದರ ಜೊತೆ ತೋಳಿನ ಬಟ್ಟೆ ಬೇರೆಯಾಗಿ ಕೊಟ್ಟಿರುವುದನ್ನು ಹುಡುಕಿ. ತುಂಬಾ ಕುರ್ತಿಗಳಲ್ಲಿ ಒಳಗೆ ಪಿನ್ ಮಾಡಿಟ್ಟಿರುತ್ತಾರೆ. ಆಗ ನಿಮ್ಮ ರಟ್ಟೆಯ ಅಳತೆಗೇ ತೋಳು ಕೂರಿಸಬಹುದು. ತೋಳು ಆಗಲೇ ಇರುವ ಕುರ್ತಾ ಆದರೆ ಕಂಕುಳಿಗೆ ವಜ್ರದಾಕಾರದ ತುಂಡು ಸೇರಿಸಿ ಬಿಗಿ ಬಿಡಿಸಬಹುದು. ಉದ್ದ ಕಡಿಮೆ ಮಾಡಿಸಿದಾಗ ಬರುವ ಬಟ್ಟೆ ಅದಕ್ಕೆ ಸಾಕು. ಕತ್ತರಿಸಿದ ತುಂಡು ಟೈಲರ್ ಹತ್ತಿರ ಬಿಟ್ಟು ಬರಬೇಡಿ.

ನಾನು ಐದಡಿ ಕೂಡ ಇಲ್ಲ. ಕುರ್ತಾ ಕೆಳಗೆ ಕತ್ತರಿಸಿದ್ರೂ ಯಾರದ್ದೋ ಬಟ್ಟೆ ಹಾಕಿಕೊಂಡ ಹಾಗಿರುತ್ತೆ.

ಉದ್ದ ಕಡಿಮೆಯಾಯಿತು, ಆದರೆ ಸೊಂಟದ ಶೇಪ್ ನಿಮ್ಮ ಸೊಂಟಕ್ಕಿಂತ ಎರಡು ಇಂಚು ಕೆಳಗೇ ಉಳಿಯಿತು. ಸೊಂಟದಲ್ಲಿ ಶೇಪ್ ಇರುವ ಕುರ್ತಾ ಬಿಟ್ಟುಬಿಡಿ, ನೇರ ಕಟ್ ಅಥವಾ ಕೆಳಗೆ ಅಗಲವಾಗುತ್ತಾ ಹೋಗುವ ಎ ಲೈನ್ ತಗೊಳ್ಳಿ. ಕತ್ತರಿಸಿದ ಮೇಲೆ ಸೈಡ್ ಓಪನ್ ಚಿಕ್ಕದಾಗುತ್ತದೆ, ಅದನ್ನೂ ಸ್ವಲ್ಪ ಮೇಲಕ್ಕೆ ಬಿಚ್ಚಿಸಿ.

ಪ್ಯೂರ್ ಕಾಟನ್ ಅಂತ ಕೊಟ್ಟಿದ್ದು ನಿಜವಾಗ್ಲೂ ಕಾಟನ್ನಾ? ಸುಟ್ಟು ನೋಡಿದ್ರೆ ಗೊತ್ತಾಗುತ್ತಂತೆ.

ಅರ್ಧ ಗೊತ್ತಾಗುತ್ತದೆ. ಒಳಗಿನ ಒಂದು ಎಳೆ ಕಿತ್ತು ಸುಟ್ಟರೆ ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಕಾಟನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಆದರೆ ರೇಯಾನ್ ಕೂಡ ಕಾಗದದ ಹಾಗೇ ಉರಿಯುತ್ತದೆ. ಕಾಟನ್ ಅಂತ ಹೇಳಿ ರೇಯಾನ್ ಮಾರುವುದೂ ಇದೆ. ಅದಕ್ಕೆ ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಒದ್ದೆಯಾದಾಗ ರೇಯಾನ್ ಸೊರಗಿ ಸುಲಭವಾಗಿ ತುಂಡಾಗುತ್ತದೆ, ಕಾಟನ್ ಜಗ್ಗುವುದಿಲ್ಲ. ರೇಯಾನ್ ಕೆಟ್ಟದ್ದೇನಲ್ಲ, ತಣ್ಣಗಿರುತ್ತದೆ, ಮೈಮೇಲೆ ಚೆನ್ನಾಗಿ ಬೀಳುತ್ತದೆ. ಕುಗ್ಗುತ್ತದೆ ಅಂತ ಲೆಕ್ಕ ಹಾಕಿ ಒಂದು ಸೈಜ್ ದೊಡ್ಡದು ತಗೊಂಡು, ಒಗೆದ ಮೇಲೆ ಆಲ್ಟ್ರೇಶನ್‌ಗೆ ಕೊಡಿ. ಒದ್ದೆಯಿದ್ದಾಗ ಹಿಂಡಬೇಡಿ.

ಉಪ್ಪುನೀರಲ್ಲಿ ನೆನೆಸಿದ್ರೆ ಬಣ್ಣ ಹೋಗಲ್ವಂತೆ?

ಅಮ್ಮಂದಿರೆಲ್ಲಾ ಹಾಗೇ ಹೇಳಿದ್ದು. ಬಣ್ಣ ಅದ್ದುವಾಗ ಉಪ್ಪು ಬೇಕು ನಿಜ, ಅದ್ದಿ ಮುಗಿದ ಬಟ್ಟೆಗೆ ಮನೆಯಲ್ಲಿ ಉಪ್ಪು ಹಾಕಿದರೆ ಬಣ್ಣ ನಿಲ್ಲುವುದಿಲ್ಲ. ಬಿಡುವುದು ಹಿಡಿಯದೆ ಉಳಿದ ಹೆಚ್ಚುವರಿ ಬಣ್ಣ. ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಉಲ್ಟಾ ಮಾಡಿ ನೆರಳಿನಲ್ಲಿ ಒಣಹಾಕಿ.

ಕೈಮಗ್ಗದ್ದು ದಿನಬಳಕೆಗೆ ಆಗುತ್ತಾ, ದುಬಾರಿ ಅಲ್ವಾ?

ಕಾಟನ್ ಸೀರೆ ಉಡುವವರಿಗೆ ಖಂಡಿತಾ ಆಗುತ್ತದೆ. ಉಡುಪಿ ಸೀರೆ ಹಗುರ, ಕೆಲಸದ ದಿನಕ್ಕೆ ಚೆನ್ನ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ರಿಯಾಯಿತಿ ಇರುವ ಸಮಯ ನೋಡಿಕೊಂಡು ಹೋಗಿ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಅನ್ನುವ ಬ್ಲೌಸ್ ಬಟ್ಟೆಯನ್ನು ಇಳಕಲ್ ಸೀರೆಗೆ ಮಾತ್ರ ಇಟ್ಟುಕೊಳ್ಳಬೇಕಿಲ್ಲ, ಒಂದು ಖಣದ ಬ್ಲೌಸ್ ಪ್ಲೇನ್ ಕಾಟನ್ ಸೀರೆ ಎಷ್ಟಕ್ಕೋ ಹೊಂದುತ್ತದೆ. ಖಣದ ಅಗಲ ಕಡಿಮೆ. ಉದ್ದ ತೋಳು ಬೇಕಾದವರು, ದೊಡ್ಡ ಸೈಜಿನವರು ಕೊಳ್ಳುವ ಮೊದಲು ಎಷ್ಟು ಬೇಕು ಅಂತ ಟೈಲರ್‌ನ ಕೇಳಿ. ಕಡಿಮೆ ಬಿದ್ದರೆ ಅದೇ ಬಣ್ಣ, ಅದೇ ಅಂಚು ಮತ್ತೆ ಸಿಗುವುದು ಕಷ್ಟ.

ನಾವು ವರ್ಷಕ್ಕೊಮ್ಮೆ ಅಮೆರಿಕಾದಿಂದ ಬರೋದು, ಎರಡೇ ವಾರ ಇರ್ತೀವಿ. ಅಷ್ಟರಲ್ಲಿ ಎಲ್ಲಾ ಹೊಲಿಸ್ಕೊಂಡು ಹೋಗೋದು ಹೇಗೆ?

ಬಂದ ಮರುದಿನವೇ ಒಂದು ಬ್ಲೌಸ್ ಮಾತ್ರ ಕೊಡಿ. ಹತ್ತೂ ಬ್ಲೌಸ್ ಒಟ್ಟಿಗೆ ಕೊಟ್ಟು, ಹೊರಡುವ ಹಿಂದಿನ ರಾತ್ರಿ ತಗೊಂಡು, ಅಲ್ಲಿ ಹೋಗಿ ಹಾಕಿ ನೋಡಿ ಅಳುವವರು ಪ್ರತಿ ವರ್ಷ ಇರುತ್ತಾರೆ. ಮೊದಲನೆಯದನ್ನು ಹಾಕಿ ನೋಡಿ, ತಿದ್ದಿಸಿ, ಆಮೇಲೆ ಉಳಿದದ್ದು. ಗೌರಿ ಗಣೇಶ, ದೀಪಾವಳಿಗೆ ಮುಂಚಿನ ವಾರಗಳಲ್ಲಿ ಬರುವುದಾದರೆ ಟೈಲರ್‌ಗೆ ಮೊದಲೇ ಫೋನ್ ಮಾಡಿ, ಆ ಹೊತ್ತಿನಲ್ಲಿ ನಮಗೆ ಊಟಕ್ಕೂ ಪುರಸೊತ್ತಿರುವುದಿಲ್ಲ. ಸರಿ ಬಂದ ಒಂದು ಬ್ಲೌಸ್, ಒಂದು ಕುರ್ತಾವನ್ನು ಇಲ್ಲೇ ಅಮ್ಮನ ಮನೆಯಲ್ಲಿ ಬಿಟ್ಟು ಹೋಗಿ. ಮುಂದಿನ ಸಲ ನೀವು ಬರುವ ಮುಂಚೆಯೇ ಅಮ್ಮ ಅದನ್ನು ಅಳತೆಗೆ ಕೊಟ್ಟು ಅರ್ಧ ಕೆಲಸ ಮುಗಿಸಿಟ್ಟಿರುತ್ತಾರೆ. ಮೈ ಹೆಚ್ಚುಕಡಿಮೆ ಆಗಿದ್ದರೆ ಹೊಸ ಅಳತೆಯನ್ನು ವಾಟ್ಸಾಪ್‌ನಲ್ಲಿ ಇಂಚಿನಲ್ಲೇ ಕಳಿಸಿ. ಸೆಂಟಿಮೀಟರ್ ಲೆಕ್ಕ ನಮ್ಮ ಟೇಪಿನ ಹಿಂಬದಿಯಲ್ಲಿದೆ, ಅದನ್ನು ತಿರುಗಿಸಿ ನೋಡುವ ಅಭ್ಯಾಸ ನಮಗಿಲ್ಲ.